ಗೋಡೆಯಿಲ್ಲದ ಮನೆಗಳ ಊರು

ಗುಂಡಗಿರುವ ಪ್ರಪಂಚವನ್ನು ಕಾಗದದ ಮೇಲೆ ಚಪ್ಪಟೆಯಾಗಿ ಹರಡಬೇಕಾದರೆ ಭೂಪಟ ಬರೆಯುವವರು ಎಲ್ಲಾದರೂ ಒಂದು ಕಡೆ ಅದನ್ನು ಸೀಳಲೇಬೇಕು. ಸಾಮಾನ್ಯವಾಗಿ ಅವರ ಕತ್ತರಿ ಬೀಳುವುದು ಶಾಂತಸಾಗರದ ಮೇಲೆ. ಅಲ್ಲಿ ಕತ್ತರಿಸಿದರೆ ಯಾರಿಗೂ ನೋವಾಗದೆಂಬ ಭಾವನೆ ಇರಬೇಕು. ಹೀಗಾಗಿ ನಮ್ಮ ಶಾಲೆಗಳಲ್ಲಿ ತೂಗುಹಾಕಿರುವ ಪಟಗಳಲ್ಲಿ ಸಮೋವಾ ದ್ವೀಪಗಳು ಎಡಗಡೆಯ ಅಂಚಿನಲ್ಲಿ, ನೊಣ ಕೂತು ಹಾರಿಹೋದ ಕಲೆಗಳಂತೆ ಕಾಣುತ್ತವೆ. ಆ ಕಲೆಗಳಲ್ಲೇ ಒಂದು ಸ್ವತಂತ್ರ ರಾಷ್ಟ್ರವಿದೆ. ಉಪೋಲು ಮತ್ತು ಸವಾಯಿ ಎಂಬ ಎರಡು ದೊಡ್ಡ ದ್ವೀಪಗಳು, ಅವುಗಳ ಸುತ್ತ ಕೆಲವು ಚಿಕ್ಕವು. ಒಟ್ಟು ಜನಸಂಖ್ಯೆ ಎರಡು ಲಕ್ಷದ ಆಸುಪಾಸು. ಉಪೋಲುವಿನ ಉತ್ತರ ತೀರದಲ್ಲಿರುವ ಆಪಿಯಾ ಅದರ ರಾಜಧಾನಿ. ಅಲ್ಲಿ ನಲವತ್ತು ಸಾವಿರ ಜನರೂ ಇಲ್ಲ. ನಮ್ಮ ಒಂದು ಸಾಧಾರಣ ತಾಲೂಕು ಕೇಂದ್ರ ಸಮುದ್ರದ ನಡುವೆ ಹೋಗಿ ಕುಳಿತು, ಪಾರ್ಲಿಮೆಂಟನ್ನೂ ಒಂದು ದೊಡ್ಡ ಇಗರ್ಜಿಯನ್ನೂ ಕಟ್ಟಿಕೊಂಡರೆ ಹೇಗಿದ್ದೀತೋ ಹಾಗಿದೆ ಈ ಊರು.

ಆಕ್ಲೆಂಡಿನಲ್ಲಿ ನೆಲೆಸಿರುವ ನನ್ನ ಭಾವಮೈದುನನ ಮನೆಗೆ ರಜೆಯಲ್ಲಿ ಹೋಗಿದ್ದಾಗ ಅಲ್ಲಿಂದ ನಾಲ್ಕು ಗಂಟೆಯ ವಿಮಾನ ಪ್ರಯಾಣದಲ್ಲಿ ಆಪಿಯಾ ಸಿಗುತ್ತದೆಂದು ತಿಳಿಯಿತು. “ಅಲ್ಲೇನಿದೆ ಭಾವ, ತೆಂಗಿನ ಮರ ನೋಡುವುದಕ್ಕೆ ಅಷ್ಟು ದೂರ ಹೋಗಬೇಕೆ?” ಎಂದು ಅವನು ನಕ್ಕ. ತೆಂಗಿನ ಮರ ಸಾಕಷ್ಟಿವೆ, ನಿಜ. ಆದರೆ ನಾನು ಹೋದದ್ದು ಮೊದಮೊದಲಿಗೆ ಒಂದು ಸಮಾಧಿಯನ್ನು ನೋಡುವ ಆಸೆಯಿಂದ. ನೋಡಿಕೊಂಡು ಬಂದದ್ದು ಬೇರೆಯದು.

ವಿಮಾನ ಇಳಿಯುವ ಫಲೆಓಲೊದಿಂದ ಪಟ್ಟಣಕ್ಕೆ ಕಡಲ ತಡಿಯಲ್ಲೇ ಹೋಗುವ ರಸ್ತೆಯಿದೆ. ಮುಕ್ಕಾಲು ಗಂಟೆಗೂ ಮೀರಿದ ಹಾದಿ. ನಾನು ಹೋದಾಗ ಸಂಜೆಗತ್ತಲು. ರಸ್ತೆಯ ಎರಡು ಪಕ್ಕದಲ್ಲೂ ಹಳ್ಳಿಗಳು ಒಂದಕ್ಕೊಂದು ಅಂಟಿಕೊಂಡಂತೆ ಬರುತ್ತಿದ್ದುವು. ಮನೆಗಳಲ್ಲಿ ದೀಪ ಹತ್ತಿತ್ತು. ಆ ದೀಪದ ಬೆಳಕಿನಲ್ಲಿ ಮನೆಯೊಳಗಿನ ಸಮಸ್ತವೂ ಕಾಣುತ್ತಿತ್ತು: ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತ ಮುದುಕ, ತಲೆ ಬಾಚಿಸಿಕೊಳ್ಳುತ್ತಿರುವ ಹುಡುಗಿ, ಮಗುವಿಗೆ ಬೀಸಣಿಗೆ ಹಾಕುತ್ತಿರುವ ತಾಯಿ. ಕಿಟಕಿಯಿಂದ ಕಂಡದ್ದಲ್ಲ ಇದು. ಆ ಮನೆಗಳಿಗೆ ಗೋಡೆಯೇ ಇರಲಿಲ್ಲ.

ಇದಕ್ಕೆ ‘ಫಾಲೆ’ ಎಂದು ಹೆಸರು. ಅಂಡಾಕಾರದ ಜಗಲಿ, ಸುತ್ತಲೂ ಕಂಬಗಳು, ಮೇಲೆ ಬೋಗುಣಿ ಕವುಚಿದಂತೆ ಛಾವಣಿ. ನಮ್ಮ ಊರಿನ ಹಳೆಯ ಮಂಟಪಗಳನ್ನು ನೆನೆದುಕೊಂಡರೆ ಸಾಕು. ಮಳೆಯ ಇರಚಲು ಹೊಡೆದಾಗ ಮಾತ್ರ ತೆಂಗಿನ ಗರಿಯಲ್ಲಿ ಹೆಣೆದ ‘ಪೋಲ’ ಎಂಬ ತಟ್ಟಿಗಳನ್ನು ಆ ಕಡೆಯಿಂದ ಇಳಿಬಿಡುತ್ತಾರೆ. ಮಳೆ ನಿಂತೊಡನೆ ಸುತ್ತಿ ಮೇಲೆ ಕಟ್ಟುತ್ತಾರೆ. ಈಗಿನ ಕಾಲದಲ್ಲಿ ಹಿಂಭಾಗದಲ್ಲಿ ಗೋಡೆ, ಬಾಗಿಲು, ತಗಡಿನ ಮಾಡು ಇರುವ ಇನ್ನೊಂದು ಮನೆಯನ್ನೂ ಬಹಳ ಮಂದಿ ಕಟ್ಟಿಕೊಂಡಿದ್ದಾರೆ. ಆದರೂ ಮುಂದೆ ಒಂದು ಫಾಲೆ ಇದ್ದರೇ ಮನೆಗೆ ಮರ್ಯಾದೆ. ನೆಂಟರು ಬಂದರೆ ಕೂರಿಸುವುದು ಅಲ್ಲಿ, ಮದುವೆಯ ಮಾತು ನಡೆಯುವುದು ಅಲ್ಲಿ, ಸತ್ತವರನ್ನು ಮಲಗಿಸುವುದೂ ಅಲ್ಲಿಯೇ. ಊರ ಯಜಮಾನರು ಸಭೆ ಸೇರಿದಾಗ ಯಾರು ಯಾವ ಕಂಬಕ್ಕೆ ಒರಗಬೇಕೆಂಬುದು ಅವರವರ ಸ್ಥಾನಕ್ಕೆ ಅನುಗುಣವಾಗಿ ಮೊದಲೇ ಗೊತ್ತಾಗಿರುತ್ತದೆ. ಗೋಡೆಯಿಲ್ಲದ ಮಾತ್ರಕ್ಕೆ ಕಟ್ಟುಕಟ್ಟಳೆ ಇಲ್ಲವೆಂದು ಯಾರೂ ತಿಳಿಯಬೇಕಾಗಿಲ್ಲ. ಒಳಗೆ ಹೋದವನು ನಿಂತುಕೊಂಡು ಮಾತನಾಡಕೂಡದು, ಕಾಲು ಚಾಚಿ ಕೂರಕೂಡದು. ಸಂಜೆಯ ಪ್ರಾರ್ಥನೆಯ ಗಂಟೆಯೋ ಶಂಖವೋ ಕೇಳಿಬಂದರೆ ಹಳ್ಳಿಯ ದಾರಿಯಲ್ಲಿ ನಡೆಯುತ್ತಿರುವ ದಾರಿಹೋಕನೂ ನಿಂತುಬಿಡಬೇಕು.

ಪಟ್ಟಣದಲ್ಲಿ ನೋಡುವಂಥದು ಅರ್ಧ ದಿವಸದಲ್ಲಿ ಮುಗಿಯುತ್ತದೆ. ಬಂದರಿನ ಬಿಲ್ಲಿನಂಥ ಬಾಗನ್ನು ಅನುಸರಿಸಿ ಹೋಗುವ ಬೀಚ್ ರೋಡು. ಅದರ ನಡುವೆ ಮೊದಲನೆಯ ಮಹಾಯುದ್ಧದ ನೆನಪಿನ ಗಡಿಯಾರ ಗೋಪುರ. ಕಡಲಿಗೆ ಮುಖಮಾಡಿ ನಿಂತ ದೊಡ್ಡ ಕ್ಯಾಥೊಲಿಕ್ ಇಗರ್ಜಿ. ಕೆಲಸದ ದಿನಗಳಲ್ಲಿ ಬೆಳಗ್ಗೆ ಪೋಲೀಸರ ವಾದ್ಯವೃಂದ ಸರಕಾರಿ ಕಚೇರಿಯವರೆಗೆ ಮೆರವಣಿಗೆಯಲ್ಲಿ ಹೋಗಿ ಧ್ವಜ ಏರಿಸುತ್ತದೆ. ಅಷ್ಟು ಹೊತ್ತು ರಸ್ತೆಯಲ್ಲಿ ಎಲ್ಲವೂ ಸ್ತಬ್ಧ. ಮರದ ಮೈಕಟ್ಟಿನ, ಕಣ್ಣು ಕುಕ್ಕುವ ಬಣ್ಣದ ಬಸ್ಸುಗಳು ಗಟ್ಟಿಯಾಗಿ ಹಾಡು ಹಾಕಿಕೊಂಡು ಓಡಾಡುತ್ತವೆ. ಜಾಗವಿಲ್ಲದಿದ್ದರೆ ಒಬ್ಬರ ತೊಡೆಯ ಮೇಲೆ ಇನ್ನೊಬ್ಬರು ಕೂತುಕೊಳ್ಳುತ್ತಾರೆ. ಪರಿಚಯ ಇರಲೇಬೇಕೆಂಬ ನಿಯಮವಿಲ್ಲ. ನನ್ನಂಥ ಬಡಕಲು ಅಧ್ಯಾಪಕನ ತೊಡೆಯನ್ನು ಯಾರೂ ಆರಿಸದೆ ಇದ್ದುದು ದೇವರ ದಯೆ. 2009ರ ಸೆಪ್ಟೆಂಬರ್ 7ರಂದು ಈ ದೇಶ ರಸ್ತೆಯ ಬಲಗಡೆಯನ್ನು ಬಿಟ್ಟು ಎಡಗಡೆಗೆ ಬಂತು. ಆಸ್ಟ್ರೇಲಿಯ, ನ್ಯೂಜಿಲೆಂಡುಗಳಲ್ಲಿರುವ ನೆಂಟರು ಕಳಿಸುವ ಹಳೆಯ ಕಾರುಗಳ ಚಕ್ರ ಬಲಗಡೆಗೆ ಇರುತ್ತದೆ ಎಂಬುದೇ ಅದಕ್ಕೆ ಕಾರಣ.

ರಸ್ತೆಯನ್ನು ಬದಲಿಸಿದ ಜನ ಎರಡು ವರ್ಷ ಕಳೆದ ಮೇಲೆ ಪಂಚಾಂಗವನ್ನೂ ಬದಲಿಸಿದರು. ದಿನಾಂಕ ರೇಖೆಯ ಪೂರ್ವಕ್ಕಿದ್ದ ಸಮೋವಾ ವ್ಯಾಪಾರದ ಅನುಕೂಲಕ್ಕಾಗಿ ಪಶ್ಚಿಮಕ್ಕೆ ದಾಟಿತು. 2011ರ ಡಿಸೆಂಬರ್ 29, ಗುರುವಾರ ರಾತ್ರಿ ಮಲಗಿದವರು ಎದ್ದದ್ದು 31, ಶನಿವಾರ. ಶುಕ್ರವಾರ ಆ ದೇಶದಲ್ಲಿ ಹುಟ್ಟಲೇ ಇಲ್ಲ. ನಮ್ಮ ಜೋಯಿಸರಿಗೆ ಇದರಿಂದ ಆಶ್ಚರ್ಯವೇನೂ ಆಗದು. ಕ್ಷಯತಿಥಿ ಅವರಿಗೆ ಹೊಸದಲ್ಲ. ಅಮೆರಿಕದೊಡನೆ ವ್ಯಾಪಾರ ಹೆಚ್ಚಾಗಿದ್ದ ಕಾಲದಲ್ಲಿ, ಎಂದರೆ 1892ರಲ್ಲಿ, ಇದೇ ರೇಖೆಯನ್ನು ಆಚೆಯಿಂದ ಈಚೆಗೆ ದಾಟಿ ಜುಲೈ 4ನ್ನು ಎರಡು ಸಲ ಆಚರಿಸಿದ್ದರಂತೆ. ವೃದ್ಧಿತಿಥಿಯ ಸಾಲವನ್ನು ನೂರ ಹತ್ತೊಂಬತ್ತು ವರ್ಷದ ಮೇಲೆ ತೀರಿಸಿದರೆಂದು ಭಾವಿಸಿಕೊಂಡರಾಯಿತು.

ನಾನು ಇಳಿದುಕೊಂಡಿದ್ದ ಅತಿಥಿಗೃಹದ ಒಡತಿಯ ಅಕ್ಕ ನಿವೃತ್ತ ಉಪಾಧ್ಯಾಯಿನಿ. ಎಪ್ಪತ್ತೈದರ ಹತ್ತಿರದ ವಯಸ್ಸು. ಕೂದಲಿನಲ್ಲಿ ಒಂದು ಕೆಂಪು ಹೂ. ದೂರದೇಶದ ಮೇಷ್ಟ್ರೊಬ್ಬ ಬಂದಿದ್ದಾನೆಂದು ಕೇಳಿ ಮಾತನಾಡಿಸಲು ಬಂದರು. ವೃತ್ತಿಬಾಂಧವ್ಯವೆಂಬುದು ರಕ್ತಸಂಬಂಧಕ್ಕಿಂತ ಬೇಗ ಕುದುರುತ್ತದೆ. ನಾನು ಕಲಿಸುವುದು ಕನ್ನಡ ಎಂದಾಗ ಆ ಹೆಸರನ್ನು ಎರಡು ಸಲ ನಿಧಾನವಾಗಿ ಹೇಳಿ, “ಸ್ವರದಲ್ಲಿ ಮುಗಿಯುತ್ತದೆ, ಒಳ್ಳೆಯ ಭಾಷೆಯೇ ಇರಬೇಕು” ಎಂದರು. ಸಮೋವಾ ಭಾಷೆಯಲ್ಲಿ ಪ್ರತಿಯೊಂದು ಶಬ್ದವೂ ಸ್ವರಾಂತ. ನಾವು ಬಸ್ಸಿಗೂ ಕಾರಿಗೂ ಒಂದು ಉಕಾರ ಹಚ್ಚಿ ಮನೆಗೆ ಸೇರಿಸಿಕೊಳ್ಳುವಂತೆ ಅವರೂ ಹೊರಗಿನ ಶಬ್ದಗಳಿಗೆ ಸ್ವರದ ಬಾಲ ಕಟ್ಟುತ್ತಾರೆ. ಕ್ರಿಸ್‌ಮಸ್ ಅವರ ಬಾಯಲ್ಲಿ ‘ಕೆರಿಸಿಮಾಸಿ’. ಇನ್ನೊಂದು ಸೊಗಸು ಮರ್ಯಾದೆಯ ಮಾತಿನದು. ಸಾಮಾನ್ಯನ ಮನೆ ‘ಫಾಲೆ’ಯಾದರೆ ಅರಸುಮನೆತನದ ಯಜಮಾನನದು ‘ಮಾಓತ’, ವಾಗ್ಮಿ ಯಜಮಾನನದು ‘ಲಾಓಆ’. ಮಕ್ಕಳನ್ನು ಬಾ ಎನ್ನಲು ‘ಸೌ’. ದೊಡ್ಡವರಿಗೆ ‘ಆಫಿಯೊ ಮಾಯಿ’, ಎಂದರೆ ನಮ್ಮ ದಯಮಾಡಿಸಿ ಎಂಬಂತೆ. ಊಟ ಮಾಡುವುದಕ್ಕೂ ಹೀಗೆಯೇ ಬೇರೆ ಬೇರೆ ಶಬ್ದ. “ಒಳಕ್ಕೆ ಬರುವವನು ಯಾರೆಂದು ಗೋಡೆ ಹೇಳುವುದಿಲ್ಲವಲ್ಲ, ಅದಕ್ಕೆ ಮಾತೇ ಹೇಳಬೇಕು” ಎಂದು ಆಕೆ ವಿವರಿಸಿದರು. ಇದನ್ನು ಯಾವ ಭಾಷಾಶಾಸ್ತ್ರದ ಪುಸ್ತಕದಲ್ಲೂ ನಾನು ಓದಿಲ್ಲ. ಆದರೂ ಒಪ್ಪಲು ಅಡ್ಡಿಯೇನೂ ಕಾಣಲಿಲ್ಲ.

ಬಂದರನ್ನು ನನಗೆ ತೋರಿಸಿದವರೂ ಅವರೇ. ತಿಳಿನೀರು, ಆಚೆಗೆ ಹವಳದ ದಿಬ್ಬದ ಮೇಲೆ ಒಡೆಯುವ ಬಿಳಿಯ ನೊರೆ. 1889ರ ಮಾರ್ಚಿಯಲ್ಲಿ ಈ ಚಿಕ್ಕ ಕೊಲ್ಲಿಯೊಳಗೆ ಏಳು ಯುದ್ಧನೌಕೆಗಳು ಲಂಗರು ಹಾಕಿದ್ದುವು. ಜರ್ಮನಿಯವು ಮೂರು, ಅಮೆರಿಕದವು ಮೂರು, ಬ್ರಿಟನ್ನಿನದು ಒಂದು. ಈ ದ್ವೀಪಗಳು ಯಾರಿಗೆ ಸೇರಬೇಕೆಂದು ಅವು ಪರಸ್ಪರ ಗುರುಗುಟ್ಟುತ್ತಿದ್ದುವು. ದ್ವೀಪದವರನ್ನು ಯಾರೂ ಕೇಳಿರಲಿಲ್ಲ. ಮಾರ್ಚಿ 15-16ರಂದು ಚಂಡಮಾರುತ ಎದ್ದಿತು. ತಾನು ಹೊರಟರೆ ಇತರರು ಉಳಿದು ಮೇಲುಗೈ ಪಡೆದಾರೆಂಬ ಹಟದಿಂದ ಯಾವ ನೌಕೆಯೂ ಸಕಾಲದಲ್ಲಿ ಕಡಲಿಗೆ ಹೊರಡಲಿಲ್ಲ. ಕೊನೆಗೆ ಬ್ರಿಟಿಷರ ‘ಕಲಿಯೋಪಿ’ ಒಂದು ಮಾತ್ರ ಗಾಳಿಗೆದುರಾಗಿ ಅಂಗುಲ ಅಂಗುಲವಾಗಿ ಸೆಣಸಿ ಪಾರಾಯಿತು. ಮಿಕ್ಕ ಆರೂ ಬಂಡೆಗೆ ಬಡಿದುವು ಇಲ್ಲವೆ ದಡಕ್ಕೆ ಬಿದ್ದುವು. ನೂರೈವತ್ತರಷ್ಟು ನಾವಿಕರು ಸತ್ತರು.

ಆ ರಾತ್ರಿ ಸಮೋವಾದ ಗಂಡಸರು ಕೈಕೈ ಹಿಡಿದು ಅಲೆಗಳೊಳಕ್ಕೆ ಇಳಿದು ನಾವಿಕರನ್ನು ಎಳೆದು ತಂದರು. ಅಮೆರಿಕದವರನ್ನಷ್ಟೇ ಅಲ್ಲ, ಜರ್ಮನರನ್ನೂ ತಂದರು. ಮೂರು ತಿಂಗಳ ಹಿಂದೆ, 1888ರ ಡಿಸೆಂಬರಿನಲ್ಲಿ, ಇದೇ ಜರ್ಮನ್ ಸೈನಿಕರೊಡನೆ ಅವರು ಯುದ್ಧಮಾಡಿದ್ದರು. ಹಾಗೆ ಮಾಡಿದ್ದೇಕೆ ಎಂದು ನಾನು ಉಪಾಧ್ಯಾಯಿನಿಯವರನ್ನು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಸರಿಯಾಗಿ ಅರ್ಥವಾಗಲಿಲ್ಲವೆಂದು ತೋರುತ್ತದೆ. “ನೀರಿನಲ್ಲಿದ್ದರಲ್ಲ” ಎಂದರು.

ನಾನು ನೋಡಬಂದ ಸಮಾಧಿ ಈ ಘಟನೆಯಾದ ವರ್ಷದ ಕೊನೆಯಲ್ಲಿ ಆಪಿಯಾಕ್ಕೆ ಬಂದಿಳಿದ ಒಬ್ಬ ಅತಿಥಿಯದು. ಹುಡುಗರಾಗಿದ್ದಾಗ ‘ಟ್ರೆಷರ್ ಐಲೆಂಡ್’ ಓದಿದವರಿಗೆಲ್ಲ ರಾಬರ್ಟ್ ಲೂಯಿ ಸ್ಟೀವನ್ಸನ್ನನ ಹೆಸರು ಗೊತ್ತು. ಆ ಪುಸ್ತಕ ಬರೆಯುವಾಗ ಅವನು ಈ ದ್ವೀಪಗಳನ್ನು ಕಂಡಿರಲೇ ಇಲ್ಲ. ಎಳವೆಯಿಂದಲೂ ಎದೆಯ ರೋಗದಿಂದ ನರಳುತ್ತಿದ್ದ ಆತ ಒಳ್ಳೆಯ ಹವೆಯನ್ನು ಅರಸುತ್ತ ಸುತ್ತಾಡಿ, ಊರಿನ ಮೇಲುಭಾಗದ ವೈಲಿಮಾದಲ್ಲಿ ಮುನ್ನೂರಕ್ಕೂ ಹೆಚ್ಚು ಎಕರೆ ಕಾಡು ಕೊಂಡು ಮನೆ ಕಟ್ಟಿಸಿದ. ಅವನ ಮನೆಗೆ ಗೋಡೆಗಳಿವೆ. ಗೋಡೆಗಳಷ್ಟೇ ಅಲ್ಲ, ಚಳಿಯೆಂಬುದೇ ಇಲ್ಲದ ಆ ದೇಶದಲ್ಲಿ ಅಗ್ಗಿಷ್ಟಿಕೆಯೂ ಇದೆ! ಸ್ಕಾಟ್‌ಲೆಂಡಿನವನ ಮನಸ್ಸು ಬೆಂಕಿಯಿಲ್ಲದ ಕೋಣೆಯನ್ನು ಮನೆಯೆಂದು ಒಪ್ಪಿರಲಾರದು. ಅದನ್ನು ನೋಡಿ ನನಗೆ ನಗು ಬರಲಿಲ್ಲ. ಪರದೇಶದಲ್ಲಿ ತುಳಸಿಯ ಕುಂಡವಿಟ್ಟುಕೊಂಡ ಎಷ್ಟು ಮನೆಗಳನ್ನು ನಾನು ಆಕ್ಲೆಂಡಿನಲ್ಲಿ ಕಂಡಿಲ್ಲ!

ಜನ ಅವನನ್ನು ‘ತುಸಿತಾಲ’ ಎಂದರು. ತುಸಿ ಎಂದರೆ ಬರೆ, ತಾಲ ಎಂದರೆ ಕಥೆ. ಆದರೆ ಅವನ ಮೇಲಿನ ಪ್ರೀತಿಗೆ ಕಾರಣ ಕಥೆಗಳಲ್ಲ. ಅಂತಃಕಲಹದಲ್ಲಿ ಸೋತು ಸೆರೆಮನೆ ಸೇರಿದ್ದ ಯಜಮಾನರಿಗೆ ಅವನು ಆಹಾರ ಒಯ್ದ, ಅವರ ಬಿಡುಗಡೆಗಾಗಿ ಓಡಾಡಿದ. ಬಿಡುಗಡೆಯಾದವರು 1894ರಲ್ಲಿ ತಮ್ಮ ಖರ್ಚಿನಲ್ಲಿ, ತಮ್ಮ ಕೈಯಾರೆ ಅವನ ಮನೆಗೊಂದು ರಸ್ತೆ ಮಾಡಿಕೊಟ್ಟರು. ‘ಪ್ರೀತಿಯ ಹೃದಯಗಳ ಹಾದಿ’ ಎಂದು ಅದಕ್ಕೆ ಹೆಸರು. ದೊಡ್ಡವರೆನಿಸಿದ ಯಜಮಾನರು ಮಣ್ಣು ಹೊರುವುದು ಅಲ್ಲಿಯ ಪದ್ಧತಿಯಲ್ಲ ಎಂಬುದನ್ನು ಗಮನಿಸಿದರೆ ಆ ಉಡುಗೊರೆಯ ಬೆಲೆ ತಿಳಿಯುತ್ತದೆ. ರಸ್ತೆಯಾಗಿ ಕೆಲವೇ ವಾರಗಳಲ್ಲಿ, ಡಿಸೆಂಬರ್ 3ರಂದು, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆತ ತೀರಿಕೊಂಡ. ಜನ ರಾತ್ರಿಯೆಲ್ಲ ಕಾಡು ಕಡಿದು ದಾರಿ ಮಾಡಿ, ಅವನ ಇಚ್ಛೆಯಂತೆ ವಾಯೇಯಾ ಗುಡ್ಡದ ಮೇಲಕ್ಕೆ ಶವವನ್ನು ಹೊತ್ತರು. ಆ ಏರನ್ನು ನಾನೂ ಹತ್ತಿದೆ. ಬರಿಗೈಯಲ್ಲಿ ಹತ್ತುವುದೇ ಕಷ್ಟ. ಕಾಲಕೆಳಗೆ ಕೆಸರು, ತಲೆಯ ಮೇಲೆ ಬೆವರುವ ಎಲೆಗಳು. ಮೇಲೆ ಬಿಳಿಯ ಸಮಾಧಿ, ದೂರದಲ್ಲಿ ಬಂದರು. ಚೆನ್ನಾಗಿದೆ. ಇಷ್ಟು ಬರೆದರೆ ಸಾಕು; ಇದನ್ನು ಬಣ್ಣಿಸಿದವರು ನನಗಿಂತ ಮುಂಚೆ ಬಹಳ ಮಂದಿ ಬಂದುಹೋಗಿದ್ದಾರೆ.

ಭಾನುವಾರ ಉಪಾಧ್ಯಾಯಿನಿಯವರು ಮನೆಗೆ ಊಟಕ್ಕೆ ಕರೆದರು. ಇಗರ್ಜಿಯಿಂದ ಬಿಳಿಯ ಉಡುಪಿನಲ್ಲಿ ಹಿಂದಿರುಗಿದ ಮೇಲೆ ಇಡೀ ಕುಟುಂಬ ಸೇರಿ ಉಣ್ಣುವ ‘ತೋಓನಾಯಿ’ ಎಂಬ ಊಟ ಅದು. ಕಾದ ಕಲ್ಲುಗಳ ಮೇಲೆ ಆಹಾರವನ್ನಿಟ್ಟು ಬಾಳೆಯ ಎಲೆ ಮುಚ್ಚಿ ಬೇಯಿಸುತ್ತಾರೆ. ನಾನು ಮಾಂಸ ತಿನ್ನುವವನಲ್ಲ ಎಂದು ಕೇಳಿ ಮನೆಯವರು ಕ್ಷಣಕಾಲ ಕಂಗಾಲಾದರು. ಆದರೆ ನನ್ನ ಮುಂದೆ ಬಂದ ಎಲೆಯಲ್ಲಿ ಇದ್ದುದೇನು? ಬೇಯಿಸಿದ ಕೆಸುವಿನ ಗೆಡ್ಡೆ, ಸುಟ್ಟ ಜೀಗುಜ್ಜೆ, ಬಾಳೆಕಾಯಿ, ಎಳೆಯ ಕೆಸುವಿನ ಎಲೆಯಲ್ಲಿ ದಪ್ಪ ತೆಂಗಿನ ಹಾಲು ಸುರಿದು ಕಟ್ಟಿ ಬೇಯಿಸಿದ ‘ಪಾಲುಸಾಮಿ’. ದಕ್ಷಿಣ ಕನ್ನಡದಲ್ಲಿ ಹುಟ್ಟಿ ಮಳೆಗಾಲದ ಪತ್ರೊಡೆಯಲ್ಲಿ ಬೆಳೆದವನಿಗೆ ಇನ್ನೇನು ಬೇಕು? ಮೂರನೆಯ ಸಲ ಬಡಿಸಿಕೊಂಡಾಗ ಮನೆಯ ಮಕ್ಕಳು ಮುಚ್ಚುಮರೆಯಿಲ್ಲದೆ ನಕ್ಕರು.

ಊಟವಾದ ಮೇಲೆ ಫಾಲೆಯಲ್ಲಿ ಕುಳಿತಿದ್ದಾಗ ಅಂಗಳದ ಸಮಾಧಿಗಳು ಕಣ್ಣಿಗೆ ಬಿದ್ದುವು. ಅಲ್ಲಿ ಸತ್ತವರನ್ನು ಮನೆಯ ಮುಂದೆಯೇ ಹೂಳುವ ವಾಡಿಕೆ. ಮಕ್ಕಳು ಅವುಗಳ ಮೇಲೆ ಕೂತು ಆಡುತ್ತಾರೆ, ಒಗೆದ ಬಟ್ಟೆ ಹರಡುತ್ತಾರೆ. ಅಜ್ಜಿಯ ಸಮಾಧಿ ಇದು, ತಂದೆಯದು ಇದು ಎಂದು ಆಕೆ ತೋರಿಸಿದರು. ಅದಕ್ಕೂ ಹಿಂದಿನವರದು ಎಲ್ಲಿ ಎಂದೆ. “ಅವರು ಇಲ್ಲಿಲ್ಲ” ಎಂದು ಊರಿನ ಪಶ್ಚಿಮದತ್ತ ಕೈತೋರಿಸಿದರು. ಅಲ್ಲಿ ವಾಯಿಮೋಸೊ ಎಂಬ ಹಳ್ಳಿಯಲ್ಲಿ ಒಂದೇ ಗುಂಡಿಯಲ್ಲಿ ಹೂತವರ ಸಾಮೂಹಿಕ ಸಮಾಧಿಯಿದೆ.

1914ರಲ್ಲಿ ಯುದ್ಧ ಪ್ರಾರಂಭವಾದಾಗ ನ್ಯೂಜಿಲೆಂಡಿನ ಸೈನ್ಯ ಜರ್ಮನರಿಂದ ಈ ದ್ವೀಪಗಳನ್ನು ವಶಪಡಿಸಿಕೊಂಡಿತ್ತು. ಯುದ್ಧ ಮುಗಿಯಲು ನಾಲ್ಕು ದಿನವಿರುವಾಗ, 1918ರ ನವೆಂಬರ್ 7ರಂದು, ‘ಟಲೂನ್’ ಎಂಬ ಹಡಗು ಆಕ್ಲೆಂಡಿನಿಂದ ಆಪಿಯಾಕ್ಕೆ ಬಂತು. ಅದರಲ್ಲಿ ಇನ್‌ಫ್ಲುಯೆಂಜ ರೋಗಿಗಳಿದ್ದರು. ದಾರಿಯಲ್ಲಿ ಫಿಜಿಯಲ್ಲಿ ಆ ಹಡಗನ್ನು ದಿಗ್ಬಂಧನದಲ್ಲಿ ಇಟ್ಟಿದ್ದರು. ಆಪಿಯಾದಲ್ಲಿ ಯಾರೂ ತಡೆಯಲಿಲ್ಲ. ಪ್ರಯಾಣಿಕರು ಇಳಿದು ತಮ್ಮ ತಮ್ಮ ಮನೆಗಳಿಗೆ ಹೋದರು. ಅತಿಥಿಗಳನ್ನು ಎದುರುಗೊಳ್ಳಲು ಜನ ಎಂದಿನಂತೆ ಬಂದರಿಗೆ ಬಂದಿದ್ದರು. ಎರಡು ತಿಂಗಳೊಳಗಾಗಿ ಸುಮಾರು 38,000 ಜನಸಂಖ್ಯೆಯ ಆ ದೇಶದಲ್ಲಿ ಸುಮಾರು 8,500 ಮಂದಿ ಸತ್ತರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಅದೇ ರೋಗ ಅದೇ ವರ್ಷ ನಮ್ಮ ದೇಶದಲ್ಲೂ ಒಂದು ಕೋಟಿಗೂ ಮಿಕ್ಕಿ ಜನರನ್ನು ನುಂಗಿತು. ಅದನ್ನು ಸಂಖ್ಯೆಯಾಗಿ ನಾನು ಓದಿ ಬಲ್ಲೆ. ಇದನ್ನು ಕೇಳಿದ್ದು ಬೇರೆ ರೀತಿಯಲ್ಲಿ.

ಉಪಾಧ್ಯಾಯಿನಿಯವರ ಅಜ್ಜಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ಹನ್ನೊಂದು ಜನ. ಎಲ್ಲರೂ ಒಂದೇ ದಿನ ಮಲಗಿದರು. “ಗೋಡೆಯಿದ್ದಿದ್ದರೆ ನಮ್ಮ ಮನೆಗೆ ಮಾತ್ರ ಹೀಗಾಗಿದೆ, ಪಕ್ಕದವರು ಬಂದಾರು ಎಂದುಕೊಳ್ಳುತ್ತಿದ್ದೆವು, ಎಂದು ಅಜ್ಜಿ ಹೇಳುತ್ತಿದ್ದಳು. ಚಾಪೆಯ ಮೇಲೆ ಮಲಗಿದಲ್ಲಿಂದಲೇ ಪಕ್ಕದ ಮನೆ ಕಾಣುತ್ತಿತ್ತಂತೆ. ಅಲ್ಲೂ ಎಲ್ಲರೂ ಮಲಗಿದ್ದರು. ಅದರ ಆಚೆಯ ಮನೆಯಲ್ಲೂ ಮಲಗಿದ್ದರು. ಯಾರೂ ಏಳುತ್ತಿರಲಿಲ್ಲ.” ಕೆಸು ತೋಟದಲ್ಲಿತ್ತು, ಅಗೆದು ತರುವವರಿರಲಿಲ್ಲ. ತೆಂಗಿನಕಾಯಿ ಮರದಲ್ಲಿತ್ತು, ಹತ್ತುವವರಿರಲಿಲ್ಲ. ಆ ವಾರ ಸಂಜೆಯ ಪ್ರಾರ್ಥನೆಗೆ ಗಂಟೆ ಹೊಡೆಯಲಿಲ್ಲ. ಅನಂತರ ಒಂದು ಲಾರಿ ಬಂತು. ಹನ್ನೊಂದು ಜನರಲ್ಲಿ ಏಳು ಮಂದಿಯನ್ನು ಚಾಪೆಯಲ್ಲಿ ಸುತ್ತಿ ಅದರಲ್ಲಿ ಹಾಕಿದರು. ಅಂಗಳದಲ್ಲಿ ಹೂಳಲು ಗುಂಡಿ ತೋಡುವ ತ್ರಾಣ ಯಾರಿಗೂ ಇರಲಿಲ್ಲ.

ಹೋದವರಲ್ಲಿ ಆಕೆಯ ಮುತ್ತಜ್ಜನೊಬ್ಬ. ಕೈಯಲ್ಲಿ ಕೋಲು, ಹೆಗಲ ಮೇಲೆ ನಾರಿನ ಚಾಮರ ಹಿಡಿದು ಸಭೆಯಲ್ಲಿ ಕುಲದ ಪರವಾಗಿ ಮಾತನಾಡುವ ‘ತುಲಾಫಾಲೆ’, ಎಂದರೆ ವಾಗ್ಮಿ. ಮನೆತನದ ವಂಶಾವಳಿಯೆಲ್ಲ ಆತನಿಗೆ ಬಾಯಿಪಾಠ. ಯಾವ ಭೂಮಿ ಯಾವ ಶಾಖೆಗೆ ಯಾವ ಮದುವೆಯಿಂದ ಬಂತೆಂಬುದು ಆತನ ನಾಲಗೆಯ ಮೇಲಿತ್ತು. ಬರೆದಿಟ್ಟಿರಲಿಲ್ಲ, ಬರೆದಿಡುವಂಥದೂ ಅಲ್ಲ, ಅದು ಮನೆಯ ಗುಟ್ಟು. ಮಗನಿಗೆ ಹೇಳಿಕೊಡುತ್ತಿದ್ದ. ಆ ಮಗನೂ ಅದೇ ಲಾರಿಯಲ್ಲಿ ಹೋದ. ಈಗಲೂ ಅವರ ಮನೆತನದ ಒಂದು ಜಮೀನಿನ ತಕರಾರು ಭೂಮಿ ಮತ್ತು ಬಿರುದುಗಳ ನ್ಯಾಯಾಲಯದಲ್ಲಿದೆ. ಎರಡು ಪಕ್ಷದವರೂ ತಮಗೆ ತಿಳಿದ ಅರ್ಧರ್ಧ ವಂಶಾವಳಿ ಹೇಳುತ್ತಾರೆ. ನಡುವಿನ ಮೂರು ತಲೆಮಾರು ಯಾರಿಗೂ ಬರುವುದಿಲ್ಲ. ಹಳಗನ್ನಡ ಕಲಿಸುವವನಾದ ನನಗೆ ಗೆದ್ದಲು ತಿಂದ ಓಲೆಗರಿಗಳ ಪರಿಚಯ ಚೆನ್ನಾಗಿಯೇ ಇದೆ. ನಡುವೆ ನಾಲ್ಕು ಗರಿ ಕಳೆದುಹೋದ ಕಟ್ಟನ್ನು ಹಿಡಿದು ಕೂತಾಗ ಆಗುವ ಸಂಕಟವನ್ನು ಹೇಳಿದೆ. ಆಕೆ ಕೇಳಿಸಿಕೊಂಡು, “ನಿಮ್ಮ ಗರಿಗೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗಬಹುದಲ್ಲವೆ?” ಎಂದರು.

ಎಂಬತ್ತು ಮೈಲಿಯ ಆಚೆಗೆ ಇದೇ ಜನ, ಇದೇ ಭಾಷೆ, ಇದೇ ಗೋಡೆಯಿಲ್ಲದ ಮನೆಗಳಿರುವ ಅಮೆರಿಕದ ಸಮೋವಾ ಇದೆ. ಸುದ್ದಿ ತಿಳಿದೊಡನೆ ಅಲ್ಲಿಯ ಗವರ್ನರ್ ಜಾನ್ ಪಾಯರ್ ಬಂದರಿಗೆ ಬಿಗಿಯಾದ ದಿಗ್ಬಂಧನ ಹಾಕಿದ. ಊರವರು ತೀರದಲ್ಲಿ ಕಾವಲು ಕೂತು ಯಾವ ದೋಣಿಯನ್ನೂ ಇಳಿಯಗೊಡಲಿಲ್ಲ. ಅಲ್ಲಿ ಆ ರೋಗದಿಂದ ಒಬ್ಬರೂ ಸಾಯಲಿಲ್ಲ. ಅವನು ನೀಡಬಂದ ವೈದ್ಯಕೀಯ ನೆರವನ್ನು ಆಪಿಯಾದ ಸೈನ್ಯಾಧಿಕಾರಿ ಕರ್ನಲ್ ಲೋಗನ್ ತೆಗೆದುಕೊಳ್ಳಲಿಲ್ಲ. ಮನೆಗೆ ಗೋಡೆಯಿಲ್ಲದಿರುವುದು ಒಂದು. ಬಂದರಿನ ಬಾಗಿಲ ಅಗುಳಿ ಪರರ ಕೈಯಲ್ಲಿರುವುದು ಇನ್ನೊಂದು. ಎರಡನೆಯದರ ಅರ್ಥ ಆ ಜನಕ್ಕೆ ಆಗ ಆಯಿತು. ಪಂಚೆಯಂತೆ ಸುತ್ತುವ ನೀಲಿಯ ಲಾವಾಲಾವಾದ ಮೇಲೆ ಬಿಳಿಯ ಪಟ್ಟೆ ಹಾಕಿಕೊಂಡು ‘ಮೌ’ ಎಂಬ ಚಳವಳಿಯವರು ಹೊರಟರು. ಸಮೋವಾ ಸಮೋವಾದವರದು ಎಂಬುದೇ ಅವರ ಬೇಡಿಕೆ, ಅಹಿಂಸೆಯೇ ಮಾರ್ಗ. 1929ರ ಡಿಸೆಂಬರ್ 28, ಶನಿವಾರ, ಬೀಚ್ ರೋಡಿನಲ್ಲಿ ಅವರ ಮೆರವಣಿಗೆಯ ಮೇಲೆ ಪೋಲೀಸರು ಗುಂಡು ಹಾರಿಸಿದರು. ತನ್ನವರನ್ನು ಶಾಂತರಾಗಿರಿ ಎಂದು ತಡೆಯುತ್ತಿದ್ದ ನಾಯಕ ತಾಮಸೇಸೆ ಲೆಆಲೊಫಿ ಗುಂಡೇಟಿಗೆ ಬಿದ್ದ. ಸೇಡು ತೀರಿಸಿಕೊಳ್ಳಬೇಡಿ ಎಂದು ಹೇಳಿ ಮರುದಿನ ಪ್ರಾಣ ಬಿಟ್ಟ. ಅದಾದ ಮೂರನೆಯ ದಿನ ನಡುರಾತ್ರಿ ಲಾಹೋರಿನಲ್ಲಿ ನಮ್ಮವರು ಪೂರ್ಣ ಸ್ವರಾಜ್ಯದ ನಿರ್ಣಯ ಮಾಡಿದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿರಲಾರದು. 1962ರ ಜನವರಿ 1ರಂದು ಸಮೋವಾ ಸ್ವತಂತ್ರವಾಯಿತು. ಆ ಸಾಗರದ ದ್ವೀಪರಾಷ್ಟ್ರಗಳಲ್ಲಿ ಮೊತ್ತಮೊದಲು. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಆಪಿಯಾಕ್ಕೆ ಬಂದು ಟಲೂನಿಗಾಗಿಯೂ ಆ ಶನಿವಾರಕ್ಕಾಗಿಯೂ ಕ್ಷಮೆ ಬೇಡಿದರು.

“ಕ್ಷಮಿಸಿದಿರಾ?” ಎಂದೆ.

“ಮನೆಗೆ ಬಂದು ಕೇಳಿದರಲ್ಲ” ಎಂದರು ಆಕೆ.

ಅಗುಳಿ ತಮ್ಮ ಕೈಗೆ ಬಂದ ಮೇಲೂ ರೋಗ ಬಂತು. 2018ರಲ್ಲಿ ದಡಾರದ ಚುಚ್ಚುಮದ್ದನ್ನು ತಪ್ಪಾಗಿ ಬೆರೆಸಿ ಕೊಟ್ಟದ್ದರಿಂದ ಎರಡು ಹಸುಳೆಗಳು ಸತ್ತುವು. ಜನ ಹೆದರಿದರು, ಚುಚ್ಚುಮದ್ದಿನ ಕೆಲಸ ತಿಂಗಳುಗಟ್ಟಲೆ ನಿಂತಿತು. 2019ರಲ್ಲಿ ದಡಾರ ಬಂದಾಗ ತಡೆಯೇ ಇಲ್ಲದಾಗಿ 83 ಮಂದಿ ಸತ್ತರು, ಬಹುಪಾಲು ಐದು ವರ್ಷದೊಳಗಿನ ಮಕ್ಕಳು. ಈ ಸಲ ಬಂದದ್ದು ಹಡಗಿನಲ್ಲಲ್ಲ, ನಾನು ಹೋದ ಹಾಗೆ ಆಕಾಶಮಾರ್ಗದಲ್ಲಿ. ಡಿಸೆಂಬರ್ 5 ಮತ್ತು 6ರಂದು ಸರಕಾರ ಇಡೀ ದೇಶದ ವ್ಯವಹಾರ ನಿಲ್ಲಿಸಿ ಮನೆಮನೆಗೆ ಚುಚ್ಚುಮದ್ದಿನವರನ್ನು ಕಳಿಸಿತು. ಚುಚ್ಚಿಸಿಕೊಳ್ಳದವರು ಇರುವ ಮನೆಯ ಮುಂದೆ ಕೆಂಪು ಬಟ್ಟೆ ಕಟ್ಟಬೇಕೆಂದು ಅಪ್ಪಣೆಯಾಯಿತು. ಉಪಾಧ್ಯಾಯಿನಿಯವರೂ ಕಟ್ಟಿದರು, ಮೊಮ್ಮಗುವೊಂದಕ್ಕೆ ಹಾಕಿಸಿರಲಿಲ್ಲ. ನಾನು ಒರಗಿ ಕೂತಿದ್ದ ಕಂಬವೇ ಅದು. “ಎದುರು ಸಾಲಿನ ಮನೆಗಳಲ್ಲೆಲ್ಲ ಕೆಂಪು ಕಾಣುತ್ತಿತ್ತು. ಅಜ್ಜಿ ಹೇಳುತ್ತಿದ್ದುದು ನೆನಪಾಯಿತು” ಎಂದರು. ಆ ಮಗು ಉಳಿದುಕೊಂಡಿದೆ. ಪತ್ರೊಡೆಗಾಗಿ ನನ್ನನ್ನು ನೋಡಿ ನಕ್ಕವರಲ್ಲಿ ಒಂದು.

ಮಾರನೆಯ ವರ್ಷ, 2020ರ ಮಾರ್ಚಿಯಲ್ಲಿ, ಜಗತ್ತಿಗೆಲ್ಲ ಹೊಸ ರೋಗ ಹಬ್ಬಿದಾಗ ಸಮೋವಾ ಬಾಗಿಲು ಹಾಕಿಕೊಂಡಿತು. ಆಕ್ಲೆಂಡಿನಲ್ಲಿರುವ ಸ್ವಂತ ಮಕ್ಕಳೂ ಸುಲಭವಾಗಿ ಬರುವಂತಿರಲಿಲ್ಲ. ಎರಡು ವರ್ಷ, 2022ರ ಮಾರ್ಚಿಯವರೆಗೆ, ರೋಗ ಊರೊಳಗೆ ಹಬ್ಬಲಿಲ್ಲ. ಅಷ್ಟರಲ್ಲಿ ಜನ ಚುಚ್ಚುಮದ್ದು ಹಾಕಿಸಿಕೊಂಡಿದ್ದರು. ಅದೇ ವರ್ಷ ಆಗಸ್ಟಿನಲ್ಲಿ ಪ್ರವಾಸಿಗಳಿಗೆ ಗಡಿ ತೆರೆಯಿತು.

ಅಷ್ಟು ದಿನ ಅತಿಥಿಯಿಲ್ಲದೆ ಇರುವುದು ಹೇಗಿತ್ತು ಎಂದು ಕೇಳಿದೆ. ಆಕೆ ಸೂರಿನಂಚಿಗೆ ಸುತ್ತಿ ಕಟ್ಟಿದ್ದ ತಟ್ಟಿಗಳ ಕಡೆ ನೋಡಿದರು. “ಮಳೆ ಬಂದಾಗ ಇಳಿಸುತ್ತೇವಲ್ಲ, ಅದೂ ಹಾಗೆಯೇ. ಕೊಂಚ ಉದ್ದದ ಮಳೆ.” ತೆರೆದ ದಿನ ಏನು ಮಾಡಿದಿರಿ ಎಂದಾಗ, ಚಾಪೆಗಳಿಗೆ ಬೂಷ್ಟು ಹಿಡಿದಿತ್ತು, ಎಲ್ಲವನ್ನೂ ಬಿಸಿಲಿಗೆ ಹಾಕಿದೆವು ಎಂದರು. ಆಮೇಲೆ ನನ್ನ ಎಲೆ ಬರಿದಾಗಿದ್ದುದನ್ನು ಕಂಡು, ಕೆಸುವಿನ ಎಲೆಯ ಪೊಟ್ಟಣ ಇನ್ನೂ ಎರಡು ಉಳಿದಿವೆ, ದಾರಿಗೆ ಕಟ್ಟಿಕೊಡುತ್ತೇನೆ ಎನ್ನುತ್ತ ಹಿಂದಿನ ಮನೆಯತ್ತ ಎದ್ದುಹೋದರು.